ಬಯಲಿನ ಹಾಡು, ಬಂದರಿನ ಕುಣಿತ

ಪಾಶ್ಚಾತ್ಯರಲ್ಲಿ ಚೇಂಬರ್ ಸಂಗೀತವೆಂದು ಹೆಸರಾದ ಪ್ರಕಾರವು ಮೂಲತಃ ಮನೆಯ ಒಳಾಂಗಣಕ್ಕೆ ಸೇರಿದುದು. ನೂರು ವಾದ್ಯಗಳ ಮಹಾಮೇಳಕ್ಕೆ ಅವಶ್ಯಕವಾದ ವಿಸ್ತಾರವಾದ ರಂಗಮಂದಿರವಾಗಲಿ, ಕೈಬೀಸಿ ಮೇಳವನ್ನು ನಡೆಸುವ ನಿರ್ದೇಶಕನಾಗಲಿ ಅದಕ್ಕೆ ಬೇಕಿಲ್ಲ. ಇಬ್ಬರಿಂದ ಎಂಟು ಹತ್ತು ಮಂದಿಯವರೆಗಿನ ಕಲಾವಿದರು, ಒಬ್ಬರ ಉಸಿರನ್ನು ಇನ್ನೊಬ್ಬರು ಆಲಿಸುತ್ತ, ತಂತಮ್ಮ ಸ್ವರಪಂಕ್ತಿಗೆ ತಾವೊಬ್ಬರೇ ಹೊಣೆಯಾಗಿ, ಹತ್ತಿರದಲ್ಲಿಯೇ ಕುಳಿತ ಅಲ್ಪಸಂಖ್ಯೆಯ ಶ್ರೋತೃಗಳ ಮುಂದೆ ನುಡಿಸುವುದೇ ಅದರ ಲಕ್ಷಣ. ಹೈಡನ್, ಬೀಥೋವನ್, ಶೂಬರ್ಟ್ ಮೊದಲಾದ ಯೂರೋಪಿನ ಮಹನೀಯರ ಕೃತಿಗಳಿಗೇ ಬಹುಕಾಲ ಮೀಸಲಾಗಿದ್ದ ಈ ವೇದಿಕೆಯ ಮೇಲೆ ಈಗ ಕೆಲವು ದಶಕಗಳಿಂದ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಎರಡು ಬಗೆಯ ಸಂಗೀತಕ್ಕೆ ಆದರದ ಸ್ಥಾನ ದೊರೆತಿದೆ: ಒಂದು, ಬ್ಯೂನಸ್ ಐರಿಸ್ ಬಂದರಿನ ಬೀದಿಗಳಲ್ಲಿ ಹುಟ್ಟಿದ ಟ್ಯಾಂಗೋ, ಇನ್ನೊಂದು, ಆ ನಾಡಿನ ಹಳ್ಳಿಗಾಡಿನ ಪದಗಳಿಂದ ಪ್ರೇರಣೆ ಪಡೆದು ವಿದ್ವಾಂಸರಾದ ವಾಗ್ಗೇಯಕಾರರು ಪಿಯಾನೋ ಮತ್ತು ಕಂಠಗಳಿಗೆಂದು ಬರೆದ ಗೀತ.

ಈ ಎರಡನ್ನೂ ಒಂದೇ ಸಂಜೆ ಕೇಳುವವನಿಗೆ ಮೊದಲು ತೋರುವುದು ಅವುಗಳ ಭೇದ. ಒಂದು ನಗರದ ರಾತ್ರಿಯದು, ಇನ್ನೊಂದು ಬಯಲಿನ ಹಗಲಿನದು. ಒಂದಕ್ಕೆ ಅಸೂಯೆ, ವಂಚನೆ, ಪಶ್ಚಾತ್ತಾಪಗಳೇ ವಸ್ತು, ಇನ್ನೊಂದಕ್ಕೆ ಮರ, ತೊರೆ, ಜೋಗುಳ, ದೂರದ ಊರು. ಆದರೆ ಕಿವಿ ಪಳಗಿದಂತೆಲ್ಲ ಒಂದು ಸಾಮ್ಯ ಗೋಚರವಾಗುತ್ತದೆ. ನನಗೆ ಅದೇ ಮುಖ್ಯವೆಂದು ತೋರುತ್ತದೆ. ಇವೆರಡೂ ಕಾಗದದ ಮೇಲೆ ಪೂರ್ತಿಯಾಗಿ ಬಾರದ ಸಂಗೀತಗಳು. ಸ್ವರಲಿಪಿಯು ಯೂರೋಪಿನ ಸಂಗೀತಕ್ಕೆ ವೇದಪ್ರಾಯವಾದುದು. ಅದರ ಶಿಸ್ತಿನಲ್ಲಿಯೇ ಬೆಳೆದ ಚೇಂಬರ್ ಕಲಾವಿದನು ಟ್ಯಾಂಗೋವನ್ನೋ ಸಾಂಬಾ ಎಂಬ ಹಳ್ಳಿಗಾಡಿನ ಕುಣಿತದ ಹಾಡನ್ನೋ ಕೈಗೆತ್ತಿಕೊಂಡಾಗ, ಬರೆದುದನ್ನು ಬರೆದಂತೆ ನುಡಿಸಿದರೆ ಅದು ಟ್ಯಾಂಗೋವಾಗದು, ಸಾಂಬಾವೂ ಆಗದು. ಈ ಕಚೇರಿಗಳ ಕಷ್ಟವೂ ಸೊಗಸೂ ಅಲ್ಲಿಯೇ ಇವೆ.

ಪಾಂಪಾ ಎಂಬುದು ಬ್ಯೂನಸ್ ಐರಿಸ್ ನಗರದ ಬೆನ್ನಿಗೆ ಹಬ್ಬಿರುವ ಮಹಾ ಹುಲ್ಲುಗಾವಲು. ದೃಷ್ಟಿ ಹರಿಯುವಷ್ಟು ದೂರವೂ ಗುಡ್ಡವೊಂದು ಅಡ್ಡ ಬಾರದ ಸಮತಲ. ಅಲ್ಲಿ ದನಗಳ ಹಿಂಡುಗಳನ್ನು ಅಟ್ಟುತ್ತ ಕುದುರೆಯ ಮೇಲೆಯೇ ಬಾಳನ್ನು ಸವೆಸಿದ ಗೌಚೋ ಎಂಬ ಸವಾರನಿಗೆ ಸಂಗಾತಿಯಾಗಿದ್ದುದು ಸ್ಪೇನಿನಿಂದ ಬಂದ ಆರು ತಂತಿಗಳ ಗಿಟಾರು. ಪಯಾದೋರ್ ಎಂಬ ಆಶುಕವಿಗಳು ಅದನ್ನು ಮೀಟುತ್ತ, ಒಬ್ಬನು ಒಡ್ಡಿದ ಪ್ರಶ್ನೆಗೆ ಇನ್ನೊಬ್ಬನು ಅದೇ ಕ್ಷಣದಲ್ಲಿ ಪದ್ಯ ಕಟ್ಟಿ ಉತ್ತರಿಸುವ ಸ್ಪರ್ಧೆಗಳನ್ನು ಹೂಡುತ್ತಿದ್ದರು. ಆಫ್ರಿಕದ ಸಂತತಿಯವನಾದ ಗಾಬಿನೋ ಎಸೇಯ್ಸಾ ಎಂಬಾತನು ಈ ವಿದ್ಯೆಯಲ್ಲಿ ದೇಶಪ್ರಸಿದ್ಧನಾಗಿದ್ದನು. ಈ ಆಶುಕವಿಗಳು ಹಾಡುತ್ತಿದ್ದ ಮಿಲೋಂಗಾ ಎಂಬ ಧಾಟಿಯೇ ಮುಂದೆ ಟ್ಯಾಂಗೋವಿನ ಮಾತೃಕೆಗಳಲ್ಲಿ ಒಂದಾಯಿತು. ವಾಯವ್ಯದ ಕಡೆಗೆ, ಆಂಡೀಸ್ ಪರ್ವತಗಳ ತಪ್ಪಲಿಗೆ ಹೋದರೆ ಬೇರೆಯ ಲೋಕ: ಸಾಂತಿಯಾಗೋ ದೆಲ್ ಎಸ್ತೇರೋ ಪ್ರಾಂತದ ಬಿರುಸಾದ ಚಕರೇರಾ, ಸಾಲ್ತಾ ತುಕುಮಾನ್ ಪ್ರಾಂತಗಳಲ್ಲಿ ಗಂಡು ಹೆಣ್ಣುಗಳು ಕರವಸ್ತ್ರವನ್ನು ಬೀಸುತ್ತ ಒಬ್ಬರನ್ನೊಬ್ಬರು ಮುಟ್ಟದೆ ಸುತ್ತಿ ಸುಳಿಯುವ ನಿಧಾನಗತಿಯ ಸಾಂಬಾ, ಮರದ ಬೊಡ್ಡೆಯನ್ನು ಕೊರೆದು ರೋಮ ತೆಗೆಯದ ಚರ್ಮವನ್ನು ಬಿಗಿದ ಬೊಂಬೋ ಎಂಬ ಭೇರಿ. ಇಲ್ಲಿಯ ಸಾಂಬಾಕ್ಕೂ ಬ್ರೆಜಿಲಿನ ಉತ್ಸವಗಳ ಸಾಂಬಾಕ್ಕೂ ಯಾವ ನಂಟೂ ಇಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಯಲಿಗೆ ತಂತಿಯ ಬೇಲಿ ಬಂದಿತು, ರೈಲುಹಾದಿ ಬಂದಿತು. ಎಲ್ಲೆಯಿಲ್ಲದೆ ಅಲೆದಾಡುತ್ತಿದ್ದ ಗೌಚೋ ಕೂಲಿಯಾಳಾಗಿ ನಿಲ್ಲಬೇಕಾಯಿತು, ಇಲ್ಲವೇ ನಗರದ ಅಂಚಿಗೆ ಬಂದು ಸೇರಬೇಕಾಯಿತು. ಅದೇ ಕಾಲಕ್ಕೆ ಇಟಲಿ ಸ್ಪೇನುಗಳಿಂದ, ಪೂರ್ವ ಯೂರೋಪಿನಿಂದ ಹಡಗು ಹಡಗಾಗಿ ಬಡಜನರು ಬಂದಿಳಿದರು. 1914ರ ಜನಗಣತಿಯ ಹೊತ್ತಿಗೆ ಬ್ಯೂನಸ್ ಐರಿಸ್ಸಿನ ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊರದೇಶಗಳಲ್ಲಿ ಹುಟ್ಟಿದವರಾಗಿದ್ದರು. ಊರು ಬಿಟ್ಟು ಬಂದ ಬಯಲಿನವನ ಮಿಲೋಂಗಾ, ಕ್ಯೂಬಾದಿಂದ ನಾವಿಕರೊಡನೆ ಬಂದ ಹಬನೇರಾ, ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕನರ ಕಾಂದೋಂಬೆಯ ತಾಳ, ಇಟಲಿಯವರ ಗೇಯಗುಣ ಇವೆಲ್ಲವೂ ಆ ನಗರದಲ್ಲಿಯೂ ನದೀಮುಖದ ಆಚೆಯ ದಡದಲ್ಲಿರುವ ಮಾಂಟೆವಿಡಿಯೋದಲ್ಲಿಯೂ ಕೂಡಿಕೊಂಡು, ಮನೆಯನ್ನು ಕಳೆದುಕೊಂಡವರೆಲ್ಲರ ಸಾಧಾರಣ ಭಾಷೆಯಾಗಿ ಟ್ಯಾಂಗೋ ಮೈದಳೆಯಿತು. ಹೀಗೆ ನೋಡಿದರೆ ಬಯಲಿನ ಹಾಡೂ ಬಂದರಿನ ಕುಣಿತವೂ ದಾಯಾದಿಗಳಲ್ಲ, ಒಂದೇ ಅಗಲಿಕೆಯ ಎರಡು ನುಡಿಗಳು.

ಟ್ಯಾಂಗೋವಿನ ಕಂಠವೆಂದು ಲೋಕವೆಲ್ಲ ಗುರುತಿಸುವ ಬಾಂಡೋನಿಯಾನ್ ವಾದ್ಯವೂ ವಲಸೆ ಬಂದುದೇ. ಜರ್ಮನಿಯ ಕ್ರೇಫೆಲ್ಡ್ ಪಟ್ಟಣದ ಹೈನ್ರಿಕ್ ಬಾಂಡ್ ಎಂಬ ವ್ಯಾಪಾರಿಯ ಹೆಸರನ್ನು ಅದು ಹೊತ್ತಿದೆ. ನಮ್ಮ ನಾಟಕ ಕಂಪನಿಗಳ ಹಾರ್ಮೋನಿಯಂನಲ್ಲಿ ಇರುವಂತೆಯೇ ತಿದಿಯ ಗಾಳಿಗೆ ಕಂಪಿಸುವ ಲೋಹದ ನಾಲಗೆಗಳು ಇದರಲ್ಲಿಯೂ ಉಂಟು. ಎರಡೂ ಯೂರೋಪಿನಲ್ಲಿ ಹುಟ್ಟಿ ದೂರದ ನಾಡುಗಳಲ್ಲಿ ನೆಲೆ ಕಂಡುಕೊಂಡ ವಾದ್ಯಗಳು. ಆದರೆ ಬಾಂಡೋನಿಯಾನನ್ನು ತೊಡೆಯ ಮೇಲಿರಿಸಿ, ಎರಡು ಕೈಗಳಿಂದಲೂ ತಿದಿಯನ್ನು ಎಳೆಯುತ್ತ ಒತ್ತುತ್ತ, ಬಲಗೈಗೆ 38 ಎಡಗೈಗೆ 33 ಎಂದು ಒಟ್ಟು 71 ಗುಂಡಿಗಳನ್ನು ನೋಡದೆಯೇ ನುಡಿಸಬೇಕು. ಇನ್ನೂ ದುಸ್ಸಾಧ್ಯವಾದ ಸಂಗತಿಯೆಂದರೆ, ಗುಂಡಿಯೊಂದೇ ಆದರೂ ತಿದಿಯನ್ನು ಎಳೆದಾಗ ಒಂದು ಸ್ವರ, ಒತ್ತಿದಾಗ ಬೇರೊಂದು ಸ್ವರ. ಗುಂಡಿಗಳ ಜೋಡಣೆಯಲ್ಲಿ ಸ್ವರಕ್ರಮದ ಸರಳ ಸೂತ್ರವೂ ಇಲ್ಲ. ಆದಕಾರಣ ವಾದಕನು ವಾಸ್ತವವಾಗಿ ನಾಲ್ಕು ಬೇರೆ ಬೇರೆ ಪಟ್ಟಿಗಳನ್ನು ಬೆರಳುಗಳಲ್ಲಿ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಟ್ಯಾಂಗೋ ವಾದಕರಲ್ಲಿ ಬಹುಮಂದಿ ಮುಖ್ಯವಾದ ಪಂಕ್ತಿಗಳನ್ನು ತಿದಿಯನ್ನು ಎಳೆಯುತ್ತಲೇ ನುಡಿಸಿ, ಗಾಳಿಯ ಕೀಲನ್ನೊತ್ತಿ ಸದ್ದಿಲ್ಲದೆ ಮಡಿಸಿಕೊಳ್ಳುವರು. ಸಣ್ಣ ಸಭೆಯಲ್ಲಿ ಕುಳಿತವನಿಗೆ ಆ ಗಾಳಿಯ ನಿಡುಸುಯ್ಲೂ ಕೇಳಿಸುತ್ತದೆ. ಧ್ವನಿಮುದ್ರಿಕೆಯಲ್ಲಿ ದೊರೆಯದ ಈ ಅನುಭವವೊಂದಕ್ಕಾಗಿಯೇ ಕಚೇರಿಗೆ ಹೋಗಬಹುದು. ಸ್ಯಾಕ್ಸನಿ ಸೀಮೆಯ ಕಾರ್ಲ್ಸ್‌ಫೆಲ್ಡ್ ಗ್ರಾಮದಲ್ಲಿ ಆಲ್ಫ್ರೆಡ್ ಆರ್ನಾಲ್ಡನ ಕಾರ್ಖಾನೆಯು ತಯಾರಿಸಿದ ವಾದ್ಯಗಳನ್ನು ಅರ್ಜೆಂಟೀನದವರು ಇಂದಿಗೂ ಎಲ್ಲಕ್ಕಿಂತ ಮೇಲೆಂದು ಎಣಿಸುತ್ತಾರೆ. ಎರಡನೆಯ ಮಹಾಯುದ್ಧದ ಅನಂತರ ಆ ತಯಾರಿಕೆ ನಿಂತುಹೋದುದರಿಂದ ಹಳೆಯ ವಾದ್ಯಗಳೇ ಕೈಯಿಂದ ಕೈಗೆ ದಾಟುತ್ತ ಬಂದಿವೆ.

ಇನ್ನು ಹಳ್ಳಿಯ ಧಾಟಿಗಳ ತಾಳದ ಮಾತು. ಚಕರೇರಾ, ಸಾಂಬಾ, ಗಾತೋ ಎಂಬ ಇನ್ನೊಂದು ಕುಣಿತ ಇವೆಲ್ಲಕ್ಕೂ ಆರು ಅಕ್ಷರಗಳ ಆವರ್ತವೇ ಆಧಾರ. ಆದರೆ ಆ ಆರನ್ನು ಭಾಗಿಸುವುದರಲ್ಲಿ ಎರಡು ಮನಸ್ಸು. ‘ತಕಿಟ ತಕಿಟ’ ಎಂದು ಮೂರರ ಎರಡು ಗುಂಪಾಗಿ ಹಾಡು ನಡೆಯುತ್ತಿರುವಾಗಲೇ, ಕೆಳಗೆ ಗಿಟಾರೋ ಭೇರಿಯೋ ‘ತಕ ತಕ ತಕ’ ಎಂದು ಎರಡರ ಮೂರು ಗುಂಪಾಗಿ ನಡೆಯುತ್ತದೆ. ಬಾಯಲ್ಲಿ ಒಂದನ್ನು ಹೇಳುತ್ತ ಕೈಯಲ್ಲಿ ಇನ್ನೊಂದನ್ನು ತಟ್ಟಿ ನೋಡಿದರೆ ಅದರ ಸೆಳೆತ ತಿಳಿದೀತು. ಲಯದ ಈ ದ್ವಂದ್ವವು ಅಲಂಕಾರವಲ್ಲ, ಆ ಸಂಗೀತದ ಬೆನ್ನೆಲುಬು. ಗಾಯಕಿ ಒಂದು ಲೆಕ್ಕವನ್ನೂ ಪಿಯಾನೋ ವಾದಕ ಇನ್ನೊಂದನ್ನೂ ಪಟ್ಟು ಬಿಡದೆ ಹಿಡಿದು, ಆದರೂ ಜಗಳವಿಲ್ಲದೆ ಕೂಡಿ ನಡೆದರೆ ಮಾತ್ರ ಹಾಡು ನೆಲದಿಂದ ಮೇಲೇಳುತ್ತದೆ. ಒಬ್ಬರು ಇನ್ನೊಬ್ಬರಿಗೆ ಸೋತು ಲೆಕ್ಕ ಒಂದೇ ಆಯಿತೆಂದರೆ ಮಾಧುರ್ಯವೆಲ್ಲವೂ ಉಳಿದಿದ್ದರೂ ಜೀವ ಹೋಗಿರುತ್ತದೆ. ಪ್ರಸಿದ್ಧ ಕಂಠಗಳಿಂದಲೂ ಇಂಥ ನಿರ್ಜೀವ ಸಾಂಬಾಗಳನ್ನು ನಾನು ಕೇಳಿದ್ದುಂಟು.

ಆಲ್ಬೆರ್ತೋ ಜಿನಾಸ್ತೇರಾ (1916–1983) ಈ ಹಳ್ಳಿಯ ಧಾಟಿಗಳನ್ನು ಪಾಂಡಿತ್ಯದ ನೆಲೆಗೆ ತಂದವರಲ್ಲಿ ಅಗ್ರಗಣ್ಯನು. ತಂದೆಯ ಕಡೆಯಿಂದ ಕತಲಾನ್, ತಾಯಿಯ ಕಡೆಯಿಂದ ಇಟಾಲಿಯನ್ ವಂಶದ ಈ ನಗರವಾಸಿಯು ತನ್ನ ನಾಡಿನ ಬಯಲನ್ನು ಎಷ್ಟು ಪ್ರೀತಿಸಿದನೆಂಬುದಕ್ಕೆ ಒಂದು ಸಣ್ಣ ನಿದರ್ಶನ ಸಾಕು: 1940ರಲ್ಲಿ ಪಿಯಾನೋಗೆಂದು ರಚಿಸಿದ ‘ಮಲಾಂಬೋ’ ಎಂಬ ಕೃತಿಯು ಗಿಟಾರಿನ ಆರು ತಂತಿಗಳನ್ನು ಬೆರಳೊತ್ತದೆ ಒಂದಾದ ಮೇಲೊಂದರಂತೆ ಮೀಟಿದರೆ ಬರುವ ಮಿ, ಲಾ, ರೆ, ಸೋಲ್, ಸಿ, ಮಿ ಸ್ವರಗಳಿಂದ ಆರಂಭವಾಗುತ್ತದೆ. ಗೌಚೋ ಹಾಡುವುದಕ್ಕೆ ಮುಂಚೆ ತಂತಿಗಳನ್ನು ಸವರಿ ಶ್ರುತಿ ನೋಡಿಕೊಳ್ಳುವ ಆ ಕ್ಷಣವೇ ಅವನ ಪಾಲಿಗೆ ದೇಶದ ಲಾಂಛನವಾಯಿತು. 1943ರ ‘ಐದು ಅರ್ಜೆಂಟೀನೀಯ ಜನಪ್ರಿಯ ಗೀತೆಗಳು’ ಎಂಬ ಗುಚ್ಛವು ಚಕರೇರಾ, ತ್ರಿಸ್ತೆ, ಸಾಂಬಾ, ಅರ್ರೊರೋ, ಗಾತೋ ಎಂಬ ಅನುಕ್ರಮದಲ್ಲಿದೆ; ಎಲ್ಲವೂ ಸೇರಿ ಹತ್ತು ನಿಮಿಷಕ್ಕೆ ಮೀರಲಾರದು. ಸಾಹಿತ್ಯವೆಲ್ಲವೂ ಜನಪದದ್ದೇ. ಅವನು ಮಾಡಿದುದು ಪಿಯಾನೋದ ಭಾಗದಲ್ಲಿ. ಅಲ್ಲಿ ಅವನ ವಿವೇಕ ಕಾಣುತ್ತದೆ. ತ್ರಿಸ್ತೆ ಎಂದರೆ ಏಕಾಂತದ ವಿಷಾದಗೀತ. ಅಲ್ಲಿ ವಾದ್ಯವು ನಾಲ್ಕಾರು ಬಿಡಿ ಸ್ವರಗಳನ್ನು ಚೆಲ್ಲಿ ಸುಮ್ಮನಾಗುತ್ತದೆ, ದನಿ ಬಯಲಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಅರ್ರೊರೋ ಆ ನಾಡಿನ ತಾಯಂದಿರೆಲ್ಲರೂ ಬಲ್ಲ ಜೋಗುಳ; ಅದರ ರಾಗವನ್ನು ಅವನು ಮುಟ್ಟಲಿಲ್ಲ, ಕೆಳಗಿನ ಸ್ವರಮೇಳವನ್ನು ಮಾತ್ರ ತುಸು ಒರೆಸಿ ಮಸುಕುಗೊಳಿಸಿದನು. ಕಡೆಯ ಗಾತೋದಲ್ಲಿಯಾದರೋ ಪಿಯಾನೋ ಗಿಟಾರಿನ ಬೀಸುಹೊಡೆತವನ್ನೂ ನರ್ತಕನ ಹಿಮ್ಮಡಿಯ ಬಡಿತವನ್ನೂ ಒಂದಾಗಿಸಿಕೊಂಡು ಹುಚ್ಚೆದ್ದು ಓಡುತ್ತದೆ. ಜನಪದವನ್ನು ‘ಉದ್ಧರಿಸುವ’ ಅಹಂಕಾರದ ಲೇಶವೂ ಇಲ್ಲದ ಕೃತಿಯಿದು.

ಜಿನಾಸ್ತೇರನಿಗಿಂತ ನಾಲ್ಕು ವರ್ಷ ಹಿರಿಯನಾದ ಕಾರ್ಲೋಸ್ ಗ್ವಾಸ್ತವೀನೋ (1912–2000) ಇನ್ನೊಂದು ಮನೋಧರ್ಮದವನು. ಸಾಂತಾ ಫೇ ನಗರದಲ್ಲಿ ಹುಟ್ಟಿ, ರಸಾಯನಶಾಸ್ತ್ರದ ಎಂಜಿನಿಯರಿಂಗ್ ವಿದ್ಯೆಯನ್ನು ಅಭ್ಯಾಸಮಾಡಿ, ಕೊನೆಗೆ ಸಂಗೀತವನ್ನೇ ಹಿಡಿದ ಈತನು, ಸಮಕಾಲೀನರೆಲ್ಲರೂ ನವ್ಯಪ್ರಯೋಗಗಳ ಕಡೆಗೆ ಹೊರಳಿದಾಗಲೂ ತನ್ನ ಮಧುರವಾದ ಹಳೆಯ ಮಾರ್ಗವನ್ನು ಬಿಡಲಿಲ್ಲ. ‘ಪಾಂಪಾಗಳ ಶೂಬರ್ಟ್’ ಎಂಬ ಬಿರುದು ಅವನಿಗೆ ಅಂಟಿಕೊಂಡಿದೆ. ಕವಿತೆಯ ಮಾತನ್ನು ಸಹಜವಾದ ಉಸಿರಿನಲ್ಲಿ ಹಾಡಿಸುವ ಶಕ್ತಿಯನ್ನು ನೋಡಿದರೆ ಅದು ಅತಿಶಯೋಕ್ತಿಯಲ್ಲ. ಸ್ಪೇನಿನ ಅಂತರ್ಯುದ್ಧದ ಅನಂತರ ದೇಶಭ್ರಷ್ಟನಾಗಿ ಅರ್ಜೆಂಟೀನಕ್ಕೆ ಬಂದಿದ್ದ ಕವಿ ರಾಫಾಯೆಲ್ ಆಲ್ಬೆರ್ತಿಯು ದಿಕ್ಕು ತಪ್ಪಿದ ಪಾರಿವಾಳವೊಂದನ್ನು ಕುರಿತು ಬರೆದ ಕವಿತೆಗೆ ಗ್ವಾಸ್ತವೀನೋ 1941ರಲ್ಲಿ ರಾಗ ಹಾಕಿದನು. ಅದು ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲೆಲ್ಲ ಮನೆಮಾತಾಯಿತು. ಮರುವರ್ಷದ ‘ಗುಲಾಬಿ ಮತ್ತು ವಿಲೋ ಮರ’ ಎನ್ನಬಹುದಾದ ಗೀತೆಯಲ್ಲಿ, ಮರವನ್ನು ಅಪ್ಪಿ ಅರಳಿದ ಹೂವನ್ನು ಚೆಲ್ಲುತನದ ಹುಡುಗಿಯೊಬ್ಬಳು ಕಿತ್ತೊಯ್ಯುತ್ತಾಳೆ. ಅಳಲು ಮಾತಿಗೆ ಮೀರಿದ ಆ ಹಂತದಲ್ಲಿ ಸಾಹಿತ್ಯ ನಿಂತು, ಹಾಡು ಕೇವಲ ಆಕಾರದಲ್ಲಿ ಮುಂದುವರಿಯುತ್ತದೆ. ಮೂರು ನಿಮಿಷಗಳಲ್ಲಿ ಇಷ್ಟನ್ನು ಹೇಳಬಲ್ಲವರು ವಿರಳ. ಅವನನ್ನು ಸುಲಭನೆಂದು ಬದಿಗಿರಿಸುವ ವಿಮರ್ಶಕರ ಮಾತನ್ನು ನಾನು ಒಪ್ಪಲಾರೆ.

ಟ್ಯಾಂಗೋ ಚೇಂಬರ್ ವೇದಿಕೆಗೆ ಬಂದ ದಾರಿ ಹೆಚ್ಚು ಡೊಂಕಾದುದು. ಮೊದಲು ಅದು ಕಾಲಿನ ಕಲೆ. 1917ರಲ್ಲಿ ಕಾರ್ಲೋಸ್ ಗಾರ್ದೆಲ್ ‘ಮಿ ನೋಚೆ ತ್ರಿಸ್ತೆ’ಯನ್ನು ಹಾಡಿ ಮುದ್ರಿಸಿದಂದಿನಿಂದ ಕಥೆ ಹೇಳುವ, ಕುಳಿತು ಕೇಳುವ ಟ್ಯಾಂಗೋ ಆರಂಭವಾಯಿತೆನ್ನುವುದು ವಾಡಿಕೆ. 1924ರಲ್ಲಿ ಪಿಟೀಲುಗಾರ ಹೂಲಿಯೋ ದೆ ಕಾರೋ ಕಟ್ಟಿದ ಆರು ಜನರ ಮೇಳದಲ್ಲಿ ಎರಡು ಬಾಂಡೋನಿಯಾನ್, ಎರಡು ಪಿಟೀಲು, ಒಂದು ಪಿಯಾನೋ, ಒಂದು ಡಬಲ್ ಬಾಸ್ ಇದ್ದವು. ವಾದ್ಯಗಳೆಲ್ಲವೂ ಒಂದೇ ರಾಗವನ್ನು ಒಟ್ಟಿಗೆ ಬಾರಿಸುವ ಪದ್ಧತಿಯನ್ನು ಬಿಟ್ಟು ಒಂದೊಂದಕ್ಕೂ ಸ್ವಂತವಾದ ಮಾತನ್ನು ಕೊಟ್ಟ ಆ ಮೇಳವು ಹೆಸರಿಗೆ ಅಲ್ಲವಾದರೂ ಗುಣದಲ್ಲಿ ಚೇಂಬರ್ ಮೇಳವೇ.

ಆ ಬೀಜವು ಮರವಾದುದು ಅಸ್ತೋರ್ ಪಿಯಾಜೋಲಾನಲ್ಲಿ. 1921ರಲ್ಲಿ ಮಾರ್ ದೆಲ್ ಪ್ಲಾತಾ ಊರಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಅವನಿಗೆ ಎಂಟನೆಯ ವಯಸ್ಸಿನಲ್ಲಿ ತಂದೆಯು ಬಾಂಡೋನಿಯಾನೊಂದನ್ನು ತಂದುಕೊಟ್ಟನು. ಅಲ್ಲಿಗೆ ಬಂದಿದ್ದ ಗಾರ್ದೆಲನಿಗೆ ಈ ಹುಡುಗನು ಮೆಚ್ಚುಗೆಯಾಗಿ, ಅವನ ಚಲನಚಿತ್ರವೊಂದರಲ್ಲಿ ಪತ್ರಿಕೆ ಮಾರುವ ಹುಡುಗನ ಪುಟ್ಟ ಪಾತ್ರವನ್ನೂ ವಹಿಸಿದನು. ಗಾರ್ದೆಲನ ಪ್ರವಾಸದಲ್ಲಿ ಜೊತೆಗೆ ಹೋಗಲು ತಂದೆ ಒಪ್ಪಲಿಲ್ಲ. 1935ರ ಜೂನ್ 24ರಂದು ಕೊಲಂಬಿಯಾದ ಮೆದೆಲಿನ್ ನಗರದಲ್ಲಿ ಸಂಭವಿಸಿದ ವಿಮಾನಾಪಘಾತದಲ್ಲಿ, ಆ ಪ್ರವಾಸದ ನಡುವೆಯೇ, ಗಾರ್ದೆಲ್ ಮಡಿದನು. ಸ್ವದೇಶಕ್ಕೆ ಮರಳಿದ ಪಿಯಾಜೋಲಾ 1939ರಲ್ಲಿ ಆನಿಬಾಲ್ ತ್ರೋಯ್ಲೋ ಎಂಬಾತನ ಟ್ಯಾಂಗೋ ಮೇಳವನ್ನು ಸೇರಿದನು. ರಾತ್ರಿ ಕುಣಿಯುವವರಿಗಾಗಿ ನುಡಿಸುತ್ತ, 1941ರಿಂದ ಹಗಲಿನಲ್ಲಿ ಜಿನಾಸ್ತೇರನ ಬಳಿ ಶಾಸ್ತ್ರೀಯ ರಚನೆಯ ಪಾಠವನ್ನು ಹೇಳಿಸಿಕೊಂಡನು. ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಈ ಇಬ್ಬರ ಹೆಸರುಗಳೂ ಜೊತೆಯಾಗಿ ಬರುವುದರ ಹಿಂದೆ ಹೀಗೆ ಗುರುಶಿಷ್ಯಭಾವವೂ ಉಂಟು. 1954ರಲ್ಲಿ ಪ್ಯಾರಿಸಿಗೆ ಹೋಗಿ ನಾದಿಯಾ ಬೂಲಾಂಜೆಯೆಂಬ ಮಹಾ ಉಪಾಧ್ಯಾಯಿನಿಯನ್ನು ಆಶ್ರಯಿಸಿದಾಗ, ಆಕೆ ಅವನ ಸಿಂಫನಿಗಳನ್ನು ನೋಡಿ ರಚನೆ ಸರಿಯಾಗಿದೆಯಾದರೂ ಅದರಲ್ಲಿ ಅವನು ಕಾಣಿಸುತ್ತಿಲ್ಲವೆಂದಳಂತೆ. ಟ್ಯಾಂಗೋ ನುಡಿಸುವವನೆಂದು ಹೇಳಿಕೊಳ್ಳಲು ನಾಚುತ್ತಿದ್ದ ಅವನು ಕೊನೆಗೆ ತನ್ನ ‘ತ್ರಿಯುನ್ಫಾಲ್’ ಎಂಬ ಟ್ಯಾಂಗೋವನ್ನು ಪಿಯಾನೋದಲ್ಲಿ ಬಾರಿಸಲು, ಆಕೆ ಅವನ ಕೈಗಳನ್ನು ಹಿಡಿದುಕೊಂಡು, ನಿಜವಾದ ಪಿಯಾಜೋಲಾ ಇಲ್ಲಿದ್ದಾನೆ, ಇವನನ್ನು ಬಿಡಬೇಡವೆಂದಳು. ಇದು ಅವನೇ ಹೇಳಿಕೊಂಡಿರುವ ಪ್ರಸಂಗ.

1960ರಲ್ಲಿ ಅವನು ಕಟ್ಟಿದ ಐವರ ಮೇಳದಲ್ಲಿ ಬಾಂಡೋನಿಯಾನ್, ಪಿಟೀಲು, ಪಿಯಾನೋ, ವಿದ್ಯುತ್ ಗಿಟಾರು, ಡಬಲ್ ಬಾಸ್ ಇವಿಷ್ಟೇ. ಎಂಟು ಅಕ್ಷರಗಳನ್ನು ‘ತಕಿಟ ತಕಿಟ ತಕ’ ಎಂದು ಮೂರು, ಮೂರು, ಎರಡಾಗಿ ಒಡೆಯುವ ಒತ್ತು ಅವನ ಸಂಗೀತದ ಮುದ್ರೆ. ಬಯಲಿನ ಮಿಲೋಂಗಾದಲ್ಲಿಯೂ ಅದೇ ಭಾಗ ಉಂಟೆಂಬುದನ್ನು ಗಮನಿಸಿದರೆ, ಅತ್ಯಂತ ಆಧುನಿಕನೆನಿಸಿದ ಈತನು ಹಳೆಯ ಬೇರಿಗೇ ನೀರೆರೆದನೆಂಬುದು ಸ್ಪಷ್ಟವಾಗುತ್ತದೆ. ಬಾಖನಿಂದ ಕಲಿತ ಫ್ಯೂಗ್ ಎಂಬ ರಚನಾಕ್ರಮವನ್ನೂ ಜಾಜಿನ ಸ್ವಾತಂತ್ರ್ಯವನ್ನೂ ತಂದುದಕ್ಕಾಗಿ ಹಳೆಯ ಟ್ಯಾಂಗೋದ ಅಭಿಮಾನಿಗಳು ಅವನನ್ನು ಕೊಲೆಗಾರನೆಂಬಂತೆ ಹಳಿದರು. ಅವನ ಸಂಗೀತವು ಕಾಲಿಗಲ್ಲ, ಕಿವಿಗೆಂದು ಅವನೇ ಹೇಳಿದನು. ತಂದೆಯ ಮರಣವಾರ್ತೆಯನ್ನು ಕೇಳಿ 1959ರಲ್ಲಿ ಬರೆದ ‘ಅದಿಯೋಸ್ ನೊನೀನೋ’, ಬ್ಯೂನಸ್ ಐರಿಸ್ಸಿನ ನಾಲ್ಕು ಋತುಗಳನ್ನು ಕುರಿತ ಕೃತಿಗಳು, ಕೊಳಲು ಗಿಟಾರುಗಳಿಗಾಗಿ ಬರೆದ ‘ಟ್ಯಾಂಗೋವಿನ ಚರಿತ್ರೆ’, ಚೆಲ್ಲೋ ವಾದಕ ರೊಸ್ತ್ರೊಪೊವಿಚನಿಗೆ ಅರ್ಪಿತವಾದ 1982ರ ‘ಲೆ ಗ್ರಾನ್ ಟ್ಯಾಂಗೋ’ ಇವು ಇಂದು ಲೋಕದ ಚೇಂಬರ್ ವೇದಿಕೆಗಳಲ್ಲಿ ನಿತ್ಯಪರಿಚಿತ. ಅವನು 1992ರಲ್ಲಿ ತೀರಿಕೊಂಡನು.

ಈಗ ಆರಂಭದಲ್ಲಿ ಹೇಳಿದ ಕಾಗದದ ಮಾತಿಗೆ ಬರಬೇಕು. ಟ್ಯಾಂಗೋ ವಾದಕರು ಅರಾಸ್ತ್ರೆ ಎನ್ನುವ ಎಳೆತವೊಂದುಂಟು: ಒತ್ತಿನ ಅಕ್ಷರ ಬೀಳುವುದಕ್ಕೆ ತುಸು ಮುಂಚೆಯೇ ಬಾಸ್ ಮತ್ತು ಪಿಯಾನೋದ ಎಡಗೈ ಕೆಳಗಿನಿಂದ ಸ್ವರವನ್ನು ಎಳೆದು ತಂದು ಒತ್ತಿನ ಮೇಲೆ ಒಗೆಯುತ್ತವೆ. ಫ್ರಾಸೇಯೋ ಎಂಬುದು ಇನ್ನೊಂದು: ತಾಳ ಕದಲದಿರುವಾಗ ರಾಗದ ಸ್ವರಗಳನ್ನು ಮಾತಾಡುವ ಧಾಟಿಯಲ್ಲಿ ಹಿಂಜರಿಸಿ ಮುಂದೊತ್ತಿ, ಆದರೂ ಆವರ್ತದ ಕೊನೆಗೆ ಸರಿಯಾಗಿ ಸೇರಿಸುವುದು. ಪಿಟೀಲುಗಾರನು ಕುದುರೆಯ ಆಚೆಬದಿಯ ತಂತಿಯ ಮೇಲೆ ಕಮಾನನ್ನು ಉಜ್ಜಿ ಜೀರುಂಡೆಯ ಕರಕರ ಸದ್ದನ್ನು ಹೊರಡಿಸುವುದಕ್ಕೆ ಚಿಚಾರ್ರಾ ಎಂದು ಹೆಸರು. ಇವುಗಳಲ್ಲಿ ಕೆಲವನ್ನು ಪಿಯಾಜೋಲಾ ಚಿಹ್ನೆಗಳಿಂದ ಸೂಚಿಸಿದ್ದಾನೆ. ಆದರೆ ಎಷ್ಟು ಎಳೆಯಬೇಕು, ಎಲ್ಲಿ ಹಿಂಜರಿಯಬೇಕು ಎಂಬುದನ್ನು ಯಾವ ಚಿಹ್ನೆಯೂ ಹೇಳಲಾರದು. ರಾಗದ ಗಮಕವನ್ನು ಗುರುಮುಖದಿಂದಲೇ ಪಡೆಯಬೇಕೆಂದು ತಿಳಿದಿರುವ ನಮ್ಮ ಶ್ರೋತೃಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವರಲಿಪಿಯ ಮುಂದೆ ನಿಷ್ಠೆಯಿಂದ ಕುಳಿತ ಯೂರೋಪಿನ ಉತ್ತಮ ವಾದಕರು ಕೆಲವೊಮ್ಮೆ ಈ ಸಂಗೀತದಲ್ಲಿ ವಿಫಲರಾಗುವುದಕ್ಕೂ, ಗಿಡೋನ್ ಕ್ರೆಮರ್‌ನಂಥ ಪಿಟೀಲುಗಾರ ಯಶಸ್ವಿಯಾಗುವುದಕ್ಕೂ ಕಾರಣ ಈ ಕಿವಿಯ ಪಾಠದಲ್ಲಿದೆ.

ಇಂಥ ಕಚೇರಿಗಳಲ್ಲಿ ಹಳ್ಳಿಯ ಗೀತೆಗಳನ್ನು ಪೂರ್ವಾರ್ಧದಲ್ಲಿ ಹಾಡಿ ಮುಗಿಸಿ, ಚಪ್ಪಾಳೆಯನ್ನು ಪಿಯಾಜೋಲಾನಿಗೆ ಕಾದಿರಿಸುವ ಕ್ರಮ ನನಗೆ ಅಷ್ಟಾಗಿ ಹಿಡಿಸದು. ಮಿಲೋಂಗಾದ ಪಕ್ಕದಲ್ಲಿಯೇ ಟ್ಯಾಂಗೋವನ್ನೂ, ಗ್ವಾಸ್ತವೀನೋನ ಪಕ್ಕದಲ್ಲಿಯೇ ಆರಿಯೆಲ್ ರಾಮಿರೇಸ್ 1969ರಲ್ಲಿ ರಚಿಸಿ ಮೆರ್ಸೆದೆಸ್ ಸೋಸಾ ಹಾಡಿದ ‘ಅಲ್ಫೊನ್ಸೀನಾ ಇ ಎಲ್ ಮಾರ್’ ಎಂಬ ಸಾಂಬಾವನ್ನೂ ಇರಿಸಿದರೆ ಒಂದರ ಬೆಳಕಿನಲ್ಲಿ ಇನ್ನೊಂದು ಕಾಣುತ್ತದೆ. ಕಚೇರಿ ಎಟುಕದವರು ಬ್ಯೂನಸ್ ಐರಿಸ್ಸಿನಲ್ಲಿ ಹುಟ್ಟಿದ ಗಾಯಕಿ ಬೆರ್ನಾರ್ದಾ ಫಿಂಕ್ ತನ್ನ ಸೋದರನೊಡನೆ ಹಾಡಿರುವ ಅರ್ಜೆಂಟೀನೀಯ ಗೀತೆಗಳ ಮುದ್ರಿಕೆಯಿಂದ ಆರಂಭಿಸಬಹುದು. ಅದನ್ನು ಕೇಳುವ ಮುನ್ನ, ವಾಯವ್ಯದ ಹಳ್ಳಿಹಳ್ಳಿಗಳನ್ನು ತಿರುಗಿ ಹಾಡುಗಳನ್ನು ಕಲಿತ ಅತವಾಲ್ಪಾ ಯುಪಾಂಕಿಯು ಗಿಟಾರೊಂದನ್ನೇ ಹಿಡಿದು ನುಡಿಸಿರುವ ಒಂದೆರಡು ಸಾಂಬಾಗಳನ್ನು ಕೇಳಿಕೊಂಡರೆ, ಆಮೇಲೆ ಪಿಯಾನೋ ವಾದಕನ ಎಡಗೈ ಏಕೆ ಹಾಗೆ ತುಸು ತಡೆದು ಮೀಟಿದಂತೆ ಬೀಳುತ್ತದೆಂಬುದು ತಾನಾಗಿ ತಿಳಿಯುತ್ತದೆ.